ಪ್ಲಗಿನ್ ತೆಗೆದ ದಿನವೇ ಗಿರಾಕಿಗೆ ಹೇಳುವುದು: ನನ್ನ ಅನುಭವ

ಗಿರಾಕಿಗಳ ವರ್ಡ್‌ಪ್ರೆಸ್ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ವರ್ಡ್‌ಪ್ರೆಸ್‌ನ ಡೈರೆಕ್ಟರಿಯಿಂದ ಪ್ಲಗಿನ್ (ಸೈಟಿಗೆ ಜೋಡಿಸುವ ಪುಟ್ಟ ಸಾಫ್ಟ್‌ವೇರ್) ತೆಗೆದರೆ ಅದೇ ದಿನ ಗಿರಾಕಿಗೆ ತಿಳಿಸುತ್ತೇನೆ ಅಂದಾಗ ಹುಬ್ಬಳ್ಳಿಯ ನಮ್ಮ ವೃತ್ತಿಯ ಗೆಳೆಯರು ನಕ್ಕಿದ್ದರು. "ಹಂಗ ಹೇಳಿದ್ರ ಮಂದಿ ಹೆದರಿ ಬ್ಯಾರೆ ಕಡೆ ಹೊಕ್ಕಾರಲೇ. ಸುಮ್ನ ಬದಲಿ ಹಾಕಿ ಬಾಯಿ ಮುಚ್ಕೊಂಡಿರು" ಅಂತ ವಿದ್ಯಾನಗರದ ಒಬ್ಬಾತನ ಉಪದೇಶ. ಎರಡು ವರ್ಷದ ಮೇಲಾಯಿತು. ಬಿಟ್ಟು ಹೋದವರು ಒಬ್ಬರೇ, ಅದೂ ಅವರ ಅಳಿಯ ವೆಬ್‌ಸೈಟ್ ಮಾಡೋದು ಕಲಿತ ಅಂತ.

ಡೈರೆಕ್ಟರಿಯಿಂದ ತೆಗೆದ ಪ್ಲಗಿನ್ ಗಿರಾಕಿಯ ಸೈಟಿನಲ್ಲಿ ಓಡುತ್ತಲೇ ಇರುತ್ತದೆ, ಡ್ಯಾಶ್‌ಬೋರ್ಡ್ ತುಟಿ ಬಿಚ್ಚುವುದಿಲ್ಲ. ಅಪ್‌ಡೇಟ್ ಬಂದಿಲ್ಲ ಅಂದರೆ ಎಲ್ಲ ಸರಿ ಇದೆ ಅಂತಲೇ ಗಿರಾಕಿ ತಿಳಿಯುತ್ತಾನೆ. 2017ರಲ್ಲಿ ಡಿಸ್‌ಪ್ಲೇ ವಿಜೆಟ್ಸ್ ಅನ್ನುವ ಪ್ಲಗಿನ್ ಕೈ ಬದಲಾಯಿಸಿ ಒಳಗೆ ಹಿಂಬಾಗಿಲು ಬಂದಾಗ ಅದು ಸುಮಾರು 2 ಲಕ್ಷ ಸೈಟುಗಳಲ್ಲಿತ್ತು. ಕ್ರೋಮ್ ಬ್ರೌಸರ್ ಹಾಗಲ್ಲ. 2021ರಲ್ಲಿ ಟ್ಯಾಬ್‌ಗಳನ್ನು ಮಲಗಿಸುವ ದಿ ಗ್ರೇಟ್ ಸಸ್ಪೆಂಡರ್ ಎಕ್ಸ್‌ಟೆನ್ಶನ್ ಅನ್ನು ಬಳಕೆದಾರರ ಬ್ರೌಸರಿನಲ್ಲೇ ಬಂದ್ ಮಾಡಿ, ಮಾಲ್‌ವೇರ್ (ಕೇಡಿನ ಕೋಡ್) ಇದೆ ಅಂತ ತೋರಿಸಿತು. ತೆರೆದಿಟ್ಟ ಟ್ಯಾಬ್‌ಗಳು ಕಳೆದವು ಅಂತ ಮಂದಿ ಬೈದರು, ಆದರೂ ಸುದ್ದಿಯಾದರೂ ಮುಟ್ಟಿತಲ್ಲ.

ಪ್ಲಗಿನ್ ತೆಗೆದರೋ ಅಂತ ನೋಡಲು ನಾನು ಬರೆದ ಮೊದಲ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಮ್) 'ಡೈರೆಕ್ಟರಿಯಲ್ಲಿ ಸಿಗಲಿಲ್ಲ' ಅಂದರೆ 'ತೆಗೆದರು' ಅಂತ ಕೂಗುತ್ತಿತ್ತು. ದುಡ್ಡು ಕೊಟ್ಟು ತಂದ ಪ್ಲಗಿನ್‌ಗಳು ಡೈರೆಕ್ಟರಿಯಲ್ಲಿ ಇರುವುದೇ ಇಲ್ಲವಲ್ಲ! ವಾರದ ತುಂಬ ಸುಳ್ಳು ಗಂಟೆ. ಈಗ ಡೈರೆಕ್ಟರಿಯ ಎಪಿಐ (ಪ್ರೋಗ್ರಾಮ್‌ಗಳು ಮಾಹಿತಿ ಕೇಳುವ ದಾರಿ) ಕೊಡುವ ಉತ್ತರದೊಳಗೆ 'ಕ್ಲೋಸ್ಡ್' ಅಂತ ಇದ್ದರೆ ಮಾತ್ರ ಹಿಡಿಯುತ್ತೇನೆ; ಮುಚ್ಚಿದ ದಿನಾಂಕವೂ ಅಲ್ಲೇ ಸಿಗುತ್ತದೆ. ಕಾರಣ ಮಾತ್ರ ತಕ್ಷಣ ಬರುವುದಿಲ್ಲ, ಸುಮಾರು 60 ದಿನ ಕಾಯಬೇಕು. ಭದ್ರತೆಯೋ, ನಿಯಮ ಮೀರಿದ್ದೋ, ಬರೆದವನೇ ಬೇಡ ಅಂದದ್ದೋ ಆಮೇಲೆ ಗೊತ್ತಾಗುತ್ತದೆ.

ಆ 60 ದಿನ ಗಿರಾಕಿಗೆ ಏನು ಹೇಳುವುದು? ಇದರಲ್ಲೇ ನನ್ನ ತಲೆ ಹೆಚ್ಚು ಸವೆದದ್ದು. ಮೊದಲು 'ಅಪಾಯ' ಅಂತ ಬರೆದು ಕಳಿಸಿದ್ದಕ್ಕೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ರಾತ್ರಿ ಫೋನ್ ಮಾಡಿ, "ತಮ್ಮಾ, ಬ್ಯಾಂಕಿನ ರೊಕ್ಕ ಹೋತೇನು?" ಅಂದರು. ಸೈಟಿನಲ್ಲಿ ಇದ್ದದ್ದು ಬರೀ ಫೋಟೋ ಸ್ಲೈಡರ್. ಈಗ ಮೂರೇ ಸಾಲು: ಇಂಥ ತಾರೀಖಿಗೆ ತೆಗೆದಿದ್ದಾರೆ, ಕಾರಣ ಇನ್ನೂ ಹೇಳಿಲ್ಲ, ನಾವು ಇಂಥದ್ದು ಮಾಡಿದ್ದೇವೆ. 'ವೈರಸ್' ಅನ್ನುವ ಪದ ನಾನಾಗಿ ಬಳಸುವುದಿಲ್ಲ. 2025ರಲ್ಲಿ ಮೈಕ್ರೋಸಾಫ್ಟ್ ತನ್ನ ಕೋಡ್ ಬರೆಯುವ ಸಾಫ್ಟ್‌ವೇರ್ ವಿಎಸ್ ಕೋಡ್‌ನ ಮೆಟೀರಿಯಲ್ ಥೀಮ್ ಎಕ್ಸ್‌ಟೆನ್ಶನ್ ತೆಗೆದು, ಆಮೇಲೆ ಕ್ಷಮೆ ಕೇಳಿ ವಾಪಸ್ ಹಾಕಿತು. ತೆಗೆದದ್ದೆಲ್ಲ ಕಳ್ಳಮಾಲಲ್ಲ.

ರೊಕ್ಕದ ಮಾತು. ಎಸ್ಸೆಮ್ಮೆಸ್ ಕಳಿಸೋಣ ಅಂತ, ವ್ಯಾಪಾರದ ಎಸ್ಸೆಮ್ಮೆಸ್‌ಗೆ ಬೇಕಾದ ಡಿಎಲ್‌ಟಿ ನೋಂದಣಿಗೆ ಐದಾರು ಸಾವಿರ ಸುರಿದೆ. ಕನ್ನಡದಲ್ಲಿ ಬರೆದರೆ ಒಂದು ಎಸ್ಸೆಮ್ಮೆಸ್‌ಗೆ 70 ಅಕ್ಷರ ಮಾತ್ರ. ನನ್ನ ಮೂರು ಸಾಲು ಮೂರು ತುಂಡಾಗಿ ಮೂರು ಪಟ್ಟು ಬಿಲ್ ಬಂತು. ಕೈಬಿಟ್ಟು ವಾಟ್ಸಾಪ್‌ನಲ್ಲಿ ಕೈಯಿಂದಲೇ ಕಳಿಸುತ್ತೇನೆ. ಸುಮಾರು ನಲವತ್ತು ಸೈಟು, ತಿಂಗಳಿಗೆ ಒಂದೋ ಎರಡೋ ಪ್ಲಗಿನ್ ಬೀಳುತ್ತವೆ, ಭಾರವೇನಲ್ಲ. ಸೈಟು ನೋಡಿಕೊಳ್ಳುವ ವರ್ಷದ ಶುಲ್ಕ (ಎಎಂಸಿ) ನಾಲ್ಕು ಸಾವಿರ ಇದ್ದದ್ದನ್ನು ಆರೂವರೆ ಸಾವಿರಕ್ಕೆ ಏರಿಸಿದೆ. ಗದಗ-ಬೆಟಗೇರಿಯ ಸೀರೆ ಅಂಗಡಿಯವರು ಚೌಕಾಸಿಯಲ್ಲಿ ಹೆಸರಾದವರು, ಅವರೂ ಸುಮ್ಮನೆ ಕೊಟ್ಟರು. ಉಪದೇಶ ಮಾಡಿದ್ದ ವಿದ್ಯಾನಗರದಾತ ಹೋದ ತಿಂಗಳು ಸ್ಕ್ರಿಪ್ಟ್ ಕೇಳಿದ. ಕೊಟ್ಟೆ.

ಕೊಡದ್ದು ಒಂದಿದೆ. ಪ್ಲಗಿನ್ ತೆಗೆಯುವ ಮುಂಚೆಯೇ ವಾಸನೆ ಹಿಡಿಯುವ ಲೆಕ್ಕ. ಎಸ್‌ವಿಎನ್‌ನಲ್ಲಿ (ಪ್ಲಗಿನ್ ಕೋಡಿನ ಪ್ರತಿ ಬದಲಾವಣೆ ದಾಖಲಾಗುವ ಜಾಗ) ಕೋಡ್ ಹಾಕುವವರ ಹೆಸರು ಬದಲಾಗುವುದು ಅದರಲ್ಲಿ ಒಂದು ಸುಳಿವು ಅಂತ ಮಾತ್ರ ಹೇಳುತ್ತೇನೆ. ಮುಚ್ಚಿದ ಪ್ಲಗಿನ್‌ನ ಎಸ್‌ವಿಎನ್ ಇತಿಹಾಸ ಅಳಿಯುವುದಿಲ್ಲ; ಕೊನೆಯ ಎರಡು ಆವೃತ್ತಿಗೆ ಡಿಫ್ ಹಾಕಿ ವ್ಯತ್ಯಾಸ ನೋಡಿದರೆ ಎಷ್ಟೋ ಸಲ 60 ದಿನ ಕಾಯದೆ ಕಾರಣ ಕಣ್ಣಿಗೆ ಬೀಳುತ್ತದೆ.

ಇದೇ ಹುರುಪಿನಲ್ಲಿ ಆಫೀಸಿನ ಹುಡುಗರ ವಿಎಸ್ ಕೋಡ್ ಎಕ್ಸ್‌ಟೆನ್ಶನ್ ಪಟ್ಟಿ ತೆಗೆದು, ಮೈಕ್ರೋಸಾಫ್ಟ್ ಗಿಟ್‌ಹಬ್‌ನಲ್ಲಿ ಇಟ್ಟಿರುವ ತೆಗೆದವುಗಳ ಪಟ್ಟಿಗೆ ತಾಳೆ ಹಾಕಿದೆ. ಅಲ್ಲಿ ತಾರೀಖೂ ಇದೆ, ಮಾಲ್‌ವೇರೋ ಸ್ಪ್ಯಾಮೋ ಅಂತ ಬಗೆಯೂ ಇದೆ. ನಮ್ಮಲ್ಲಿ ಒಂದೂ ಸಿಗಲಿಲ್ಲ, ಹುಡುಗರಿಗೆ ಮಾತ್ರ ನಾನು ಸಿಐಡಿ ಅನ್ನಿಸಿತು.

ದುಡ್ಡು ಕೊಟ್ಟ ಪ್ಲಗಿನ್‌ಗಳಿಗೆ ಇನ್ನೂ ಒಳ್ಳೆಯ ದಾರಿಯಿಲ್ಲ. ಮಾರಿದವನ ಪುಟ ತೆರೆಯುತ್ತದೋ ಇಲ್ಲವೋ ಅಂತ ತಿಂಗಳಿಗೊಮ್ಮೆ ನೋಡುತ್ತೇನೆ. ತೆರೆಯದಿದ್ದರೆ ಕಾರಣ ಕೇಳಿ ಮೇಲ್ ಹಾಕುತ್ತೇನೆ, ಆ ಮೇಲ್‌ನ ನಕಲು ಗಿರಾಕಿಗೂ ಹೋಗುತ್ತದೆ. ಉತ್ತರ ಬರುವುದು ಅರ್ಧಕ್ಕರ್ಧ.