ನಾನೇ ಹಿಡಿದ ಮೀನು ಮತ್ತು ಪಾದರಸದ ಲೆಕ್ಕ

ಗಾಳಕ್ಕೆ ಬಿದ್ದ ಮೀನುಗಳಲ್ಲಿ ಯಾವುದನ್ನು ಮನೆಗೆ ಒಯ್ಯಬೇಕು, ಯಾವುದನ್ನು ನೀರಿಗೆ ಬಿಡಬೇಕು ಎಂಬುದನ್ನು ನಾನು ದಡದಲ್ಲೇ ತೀರ್ಮಾನಿಸುತ್ತೇನೆ, ಏಕೆಂದರೆ ಪಾದರಸದ ವಿಷಯದಲ್ಲಿ ಅಡುಗೆಮನೆಯಲ್ಲಿ ಮಾಡಬಹುದಾದದ್ದು ಏನೂ ಇಲ್ಲ. ಕೊಬ್ಬಿನಲ್ಲಿ ಸೇರಿಕೊಳ್ಳುವ ಕೆಲವು ವಿಷಗಳನ್ನು ಚರ್ಮ ಸುಲಿದು ತಗ್ಗಿಸಬಹುದು. ಮೀನಿನಲ್ಲಿ ಸೇರುವ ಪಾದರಸದ ರೂಪವಾದ ಮೀಥೈಲ್ ಪಾದರಸವಾದರೋ ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರುವುದರಿಂದ ತೊಳೆದರೂ, ಬೇಯಿಸಿದರೂ, ಹುರಿದರೂ ಹೋಗುವುದಿಲ್ಲ. ರುಚಿ, ವಾಸನೆಗಳಿಂದ ಅದನ್ನು ಗುರುತಿಸಲೂ ಆಗದು.

ಕಲ್ಲಿದ್ದಲು ಉರಿಸಿದಾಗ ಗಾಳಿಗೆ ಸೇರುವ ಪಾದರಸ ಬಹುದೂರದ ನೀರಿಗೂ ಬಂದು ಬೀಳುತ್ತದೆ. ಆದ್ದರಿಂದ ಸುತ್ತ ಕಾರ್ಖಾನೆಯಿಲ್ಲ ಎಂಬ ಒಂದೇ ಕಾರಣಕ್ಕೆ ಯಾವ ಕೆರೆಯನ್ನೂ ನಾನು ನಿರಪಾಯವೆಂದು ಭಾವಿಸುವುದಿಲ್ಲ. ತಳದ ಕೆಸರಿನಲ್ಲಿ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಹೊಸದಾಗಿ ತುಂಬಿದ ಜಲಾಶಯಗಳಲ್ಲಿ, ಮುಳುಗಿದ ಗಿಡಮರಗಳು ಕೊಳೆಯುವಾಗ, ಈ ಕ್ರಿಯೆ ಇನ್ನಷ್ಟು ಚುರುಕಾಗಿ ಮೀನುಗಳಲ್ಲಿ ಪಾದರಸ ವರ್ಷಗಟ್ಟಲೆ ಹೆಚ್ಚಿರುತ್ತದೆ. ಅಂಥಲ್ಲಿ ಸಿಕ್ಕ, ಬೇರೆ ಮೀನುಗಳನ್ನು ತಿಂದು ಬದುಕುವ ಬೇಟೆಮೀನನ್ನು ನಾನು ತಿನ್ನುವುದೇ ಇಲ್ಲ.

ಉಳಿದ ಕಡೆ ನಾನು ನೋಡುವುದು ಮೀನಿನ ಆಹಾರ ಮತ್ತು ವಯಸ್ಸನ್ನು. ಪಾಚಿ, ಹುಳು, ಸಣ್ಣ ಮೀನು, ದೊಡ್ಡ ಮೀನು ಎಂದು ಮೆಟ್ಟಿಲೇರಿದಂತೆಲ್ಲ ಪಾದರಸ ಸಾಂದ್ರವಾಗುತ್ತದೆ, ವರ್ಷ ಕಳೆದಂತೆ ಅದೇ ಮೀನಿನಲ್ಲೂ ಏರುತ್ತದೆ. ಹೀಗಾಗಿ ಪೈಕ್, ಬಾಸ್ ಮೊದಲಾದ ಬೇಟೆಮೀನುಗಳಲ್ಲಿ ದೊಡ್ಡವನ್ನು ಬಿಟ್ಟು, ಹುಲ್ಲುಗೆಂಡೆಯಂಥ ಸಸ್ಯಾಹಾರಿಗಳನ್ನೂ ಎಳೆಯ ಮೀನುಗಳನ್ನೂ ಆರಿಸಿಕೊಳ್ಳುತ್ತೇನೆ. ಕಾನೂನು ನಿಗದಿಪಡಿಸಿದ ಕನಿಷ್ಠ ಅಳತೆಗಿಂತ ಚಿಕ್ಕದನ್ನು ಮಾತ್ರ ಇಟ್ಟುಕೊಳ್ಳುವುದಿಲ್ಲ. ಗಾಳ ಹಿಡಿದವನಿಗೆ ದೊಡ್ಡ ಮೀನನ್ನು ಬಿಡುವುದು ಸುಲಭವಲ್ಲವೆಂಬುದನ್ನು ಬಲ್ಲೆ.

ಪ್ರಮಾಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ 2003ರಲ್ಲಿ ಸೂಚಿಸಿದ ಮಿತಿಯನ್ನು ಹಿಡಿದಿದ್ದೇನೆ: ದೇಹದ ತೂಕದ ಪ್ರತಿ ಕಿಲೋಗೆ ವಾರಕ್ಕೆ 1.6 ಮೈಕ್ರೋಗ್ರಾಂ. 60 ಕಿಲೋ ತೂಗುವವರಿಗೆ ಅದು 96 ಮೈಕ್ರೋಗ್ರಾಂ. ಕಿಲೋಗೆ 0.5 ಮಿಲಿಗ್ರಾಂ ಪಾದರಸವಿರುವ ಮೀನಾದರೆ 200 ಗ್ರಾಂ ತಿನ್ನುವಷ್ಟರಲ್ಲೇ ಆ ಮಿತಿ ದಾಟಿರುತ್ತದೆ, 0.1 ಇದ್ದರೆ ಸುಮಾರು ಒಂದು ಕಿಲೋವರೆಗೂ ಅವಕಾಶವಿದೆ. ಪದೇಪದೇ ಹೋಗುವ ನೀರಿನ ಮೀನಿನ ಮಾಂಸವನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷಿಸಿಕೊಂಡದ್ದು ಈ ಲೆಕ್ಕಕ್ಕಾಗಿಯೇ. ಸರ್ಕಾರದ ಸೂಚನೆಯೂ ಪರೀಕ್ಷೆಯ ಫಲಿತಾಂಶವೂ ಇಲ್ಲದ ಕಡೆ, ಹಿಡಿದ ಮೀನನ್ನು ವಾರಕ್ಕೆ ಒಂದೇ ಊಟಕ್ಕೆ ಸೀಮಿತಗೊಳಿಸಿ, ಆ ವಾರ ಬೇರೆ ಮೀನು ತಿನ್ನುವುದಿಲ್ಲ.

ಗರ್ಭಿಣಿಯರ ಮತ್ತು ಗರ್ಭ ಧರಿಸಬಯಸುವವರ ವಿಷಯದಲ್ಲಿ ನಾನು ಇನ್ನೂ ಬಿಗಿಯಾಗಿದ್ದೇನೆ. ಮೀಥೈಲ್ ಪಾದರಸ ಮಾಸುಚೀಲವನ್ನು ದಾಟಿ ಶಿಶುವಿನ ಬೆಳೆಯುವ ಮಿದುಳನ್ನು ತಲುಪುತ್ತದೆ. ದೇಹದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು 50 ದಿನ ಬೇಕಾಗುವುದರಿಂದ ಗರ್ಭ ನಿಂತದ್ದು ತಿಳಿದ ಮೇಲೆ ಎಚ್ಚರ ವಹಿಸಿದರೆ ತಡವಾಗುತ್ತದೆ. ಹಾಗೆಂದು ಅವರಿಗೆ ಮೀನನ್ನೇ ನಿಲ್ಲಿಸುವುದಿಲ್ಲ, ಏಕೆಂದರೆ ಒಮೆಗಾ-3 ಕೊಬ್ಬು ಆ ಮಿದುಳಿಗೇ ಬೇಕು; ಪಾದರಸ ಕಡಿಮೆಯೆಂದು ಪರೀಕ್ಷೆಯಿಂದ ಗೊತ್ತಾದ ನೀರಿನ ಸಣ್ಣ ಮೀನನ್ನಷ್ಟೇ ಬಡಿಸುತ್ತೇನೆ.