ಫ್ರೀ ಥ್ರೋ: ಕೈಗಿಂತ ಮೊದಲು ಮನಸ್ಸಿನಲ್ಲಿ ಎಸೆಯುವ ಬಗೆ

ಬ್ಯಾಸ್ಕೆಟ್‌ಬಾಲ್‌ನ ಫ್ರೀ ಥ್ರೋ (ಎದುರಾಳಿಯ ತಪ್ಪಿಗಾಗಿ ಸಿಗುವ, ಯಾರೂ ತಡೆಯದ ಎಸೆತ) ಗೆರೆಯಲ್ಲಿ ನಿಂತಾಗ ಮೊಣಕೈ, ಮಣಿಕಟ್ಟುಗಳನ್ನು ಒಂದೊಂದಾಗಿ ಗಮನಿಸಬೇಡಿ. ಅಭ್ಯಾಸದಿಂದ ತಾನಾಗಿಯೇ ಸಾಗುವ ಚಲನೆಯು ಅಂಥ ನಿಗಾದಿಂದ ಬಿಗಿಯಾಗುತ್ತದೆ. ಬದಲಿಗೆ, 10 ಅಡಿ ಎತ್ತರದ ರಿಂಗಿನಲ್ಲಿ ದೃಷ್ಟಿ ನೆಟ್ಟು, ಚೆಂಡು ಕಮಾನಿನಂತೆ ಏರಿ ಮೇಲಿನಿಂದ ಇಳಿಯುವ ದಾರಿಯನ್ನು ನಿಮ್ಮದೇ ಕಣ್ಣುಗಳಿಂದ ಕಾಣುತ್ತಿರುವಂತೆ ಕಲ್ಪಿಸಿಕೊಳ್ಳಿ. ರಿಂಗಿನ ಒಳವ್ಯಾಸ ಸುಮಾರು 45 ಸೆಂಟಿಮೀಟರ್, ಪುರುಷರ ಚೆಂಡಿನದು ಸುಮಾರು 24. ದೂರದಿಂದ ಕಿರಿದಾಗಿ ತೋರುವ ಆ ಬಾಯಿಯಲ್ಲಿ ನಿಜಕ್ಕೂ ಸಾಕಷ್ಟು ಜಾಗವಿದೆ ಎಂಬುದು ಮನಸ್ಸಿನ ಚಿತ್ರದಲ್ಲಿ ಮೂಡಲೇಬೇಕು. ಕಲ್ಪನೆಯು ನಿಜವಾದ ಎಸೆತದಷ್ಟೇ ಸಮಯ ತೆಗೆದುಕೊಳ್ಳಲಿ. ಬೆರಳ ತುದಿಗೆ ತಾಗುವ ಚೆಂಡಿನ ಒರಟುತನ, ಮಂಡಿ ಬಾಗಿದಾಗಿನ ಭಾರ, ಹೊರಬಿಟ್ಟ ಉಸಿರು ಎಲ್ಲವೂ ಅದರಲ್ಲಿರಲಿ. ಎಸೆತ ತಪ್ಪಿದರೆ ಆ ತಪ್ಪನ್ನು ಮೆಲುಕು ಹಾಕದೆ ಸರಿಯಾದ ದಾರಿಯನ್ನೇ ಮತ್ತೊಮ್ಮೆ ಕಾಣಿರಿ. ಅಂತರರಾಷ್ಟ್ರೀಯ ನಿಯಮದಂತೆ ಎಸೆಯಲು 5 ಸೆಕೆಂಡುಗಳಷ್ಟೇ ಸಿಗುವುದರಿಂದ, ಈ ಕ್ರಮವನ್ನು ದಿನನಿತ್ಯದ ಅಭ್ಯಾಸದಲ್ಲೇ, ಚೆಂಡು ಕೈಯಲ್ಲಿರುವಾಗಲೇ, ರೂಢಿಸಿಕೊಳ್ಳಬೇಕು.