ಮಳೆನೀರಿನ ಬಾಟಲಿಯಲ್ಲಿ ಡ್ರೊಸೆರಾ ಮರಿಗಳು

ಶಿರಸಿಯ ಸುತ್ತಿನ ಬೇಣಗಳಲ್ಲಿ, ಅಂದರೆ ಬಯಲು ಹುಲ್ಲುನೆಲಗಳಲ್ಲಿ, ಮಳೆ ಹಿಡಿದ ಮೇಲೆ ಬಗ್ಗಿ ನೋಡಿದರೆ, ಜಂಬಿಟ್ಟಿಗೆಯ ಮೇಲಿನ ತೆಳುವಾದ ಒದ್ದೆ ಮಣ್ಣಿನಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ, ನೆಲಕ್ಕೆ ಅಂಟಿಕೊಂಡ ಕೆಂಪು ಗಿಡಗಳು ಅಲ್ಲಲ್ಲಿ ಕಾಣುತ್ತವೆ. ಎಲೆಯ ಪ್ರತಿ ಕೂದಲ ತುದಿಯಲ್ಲೂ ಒಂದು ಅಂಟುಹನಿ ಇರುವ ಈ ಕೀಟಾಹಾರಿ ಗಿಡ ಡ್ರೊಸೆರಾ ಬರ್ಮನ್ನಿ. ಅಂಚಿನ ಕೂದಲಿಗೆ ನುಸಿ ಸಿಕ್ಕಿದರೆ ಕೆಲವೇ ಕ್ಷಣಗಳಲ್ಲಿ ಅದು ಒಳಕ್ಕೆ ಬಾಗುವುದನ್ನು ಕಣ್ಣಾರೆ ನೋಡಬಹುದು. ಎಲೆಯಿಂದ ಮರಿ ಮಾಡುವ ಹುಚ್ಚು ನನಗೆ ಹಿಡಿದದ್ದು ಈ ಗಿಡದಿಂದಲೇ ಆದರೂ, ಗೆಲುವು ಸಿಕ್ಕಿದ್ದು ಇದರಲ್ಲಿ ಅಲ್ಲ. ಬೇಣದಿಂದ ತಂದು ನೀರಿಗೆ ಹಾಕಿದ ಮೂರು ಎಲೆಗಳೂ ಹದಿನೈದು ದಿನಗಳಲ್ಲಿ ಕರಗಿಹೋದವು. ಒಂದೇ ವರ್ಷದಲ್ಲಿ ಬೆಳೆದು, ಬೀಜ ಚೆಲ್ಲಿ ಮುಗಿಯುವ ಇಂಥ ಜಾತಿಗಳು ಎಲೆಯ ಕೆಲಸಕ್ಕೆ ಒಗ್ಗುವುದು ಕಡಿಮೆಯೆಂದು ಆಮೇಲೆ ತಿಳಿಯಿತು.

ಮರು ವರ್ಷ, ದಕ್ಷಿಣ ಆಫ್ರಿಕಾ ಮೂಲದ, ಹಲವು ವರ್ಷ ಬದುಕುವ ಡ್ರೊಸೆರಾ ಕ್ಯಾಪೆನ್ಸಿಸ್ ಗಿಡವೊಂದನ್ನು ಅಂಚೆಯಲ್ಲಿ ತರಿಸಿಕೊಂಡೆ. ಉದ್ದನೆಯ ಪಟ್ಟಿಯಂಥ ಎಲೆಗಳ ಈ ಜಾತಿ ಎಲೆಯಿಂದ ಸುಲಭವಾಗಿ ಮರಿ ಕೊಡುತ್ತದೆ. ಗಿಡ ಬಂದು ಎರಡು ತಿಂಗಳು ಅದನ್ನು ಮುಟ್ಟಲಿಲ್ಲ. ಎಲೆಗಳಲ್ಲಿ ಅಂಟು ಚೆನ್ನಾಗಿ ತುಂಬಿಕೊಂಡ ಮೇಲೆ ಜೂನ್ ಕೊನೆಯಲ್ಲಿ ಕೆಲಸ ಶುರುಮಾಡಿದೆ.

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ನೀರಿನ ಬಗ್ಗೆ. ಡ್ರೊಸೆರಾ ಸಾರವಿಲ್ಲದ ನೆಲದ ಗಿಡ. ಮಣ್ಣಿನಲ್ಲಿ ಸಿಗದ ಸಾರಜನಕವನ್ನು ಕೀಟದಿಂದ ಪಡೆಯುವ ಅದಕ್ಕೆ, ನೀರಿನಲ್ಲಿ ಕರಗಿದ ಲವಣಗಳು ಸ್ವಲ್ಪ ಹೆಚ್ಚಾದರೂ ಆಗುವುದಿಲ್ಲ. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆಯಾದ್ದರಿಂದ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹಂಚಿನ ಮಾಡಿನಿಂದ ಇಳಿಯುವ ನೀರಿನಲ್ಲಿ ಹಾವಸೆ, ಎಲೆಕಸ ಎಲ್ಲವೂ ಇರುತ್ತವೆ. ಹಾಗಾಗಿ ಮಳೆ ಜೋರಾಗಿ ಹೊಯ್ಯುವಾಗ, ಮರದ ನೆರಳಿಲ್ಲದ ಅಂಗಳದ ನಡುವೆ ಸ್ಟೀಲ್ ಬೋಗುಣಿ ಇಟ್ಟು, ನೇರವಾಗಿ ಬಿದ್ದ ನೀರನ್ನೇ ಹಿಡಿದೆ. ನಮ್ಮಲ್ಲಿ ಆಷಾಢದಲ್ಲಿ ಅದಕ್ಕೆ ಬರಗಾಲವಿಲ್ಲ. ಬೇಸಿಗೆಯಲ್ಲಾದರೆ ಡಿಸ್ಟಿಲ್ಡ್ ವಾಟರ್ ಕೊಳ್ಳಬೇಕು.

ಎಲೆಯ ಆಯ್ಕೆಯಲ್ಲೂ ಸೂಕ್ಷ್ಮವಿದೆ. ಇನ್ನೂ ಸುರುಳಿ ಬಿಚ್ಚದ ಎಳೆಯದೂ, ಕೆಳಗಿನ ಮುದಿ ಎಲೆಯೂ ಬೇಡ. ಪೂರ್ತಿ ಬಲಿತು ಹೊಳೆಯುವ, ನುಸಿ ಹಿಡಿಯದ ಎಲೆಯೇ ಆಗಬೇಕು, ಏಕೆಂದರೆ ಅಂಟಿಕೊಂಡ ಹುಳ ನೀರಿನಲ್ಲಿ ಕೊಳೆತರೆ ಎಲೆಯನ್ನೂ ಕೊಳೆಸುತ್ತದೆ. ಅಂಥ ಎಲೆಯನ್ನು ಬುಡದಲ್ಲಿ ಹಿಡಿದು, ಕೆಳಮುಖವಾಗಿ ಮೆಲ್ಲಗೆ ಎಳೆದು, ಬಿಳಿಯ ಬುಡ ಸಹಿತ ಕಿತ್ತೆ. ಎರಡು ಉದ್ದ ಎಲೆಗಳನ್ನು ಹೊಸ ಬ್ಲೇಡಿನಿಂದ ಎರಡು ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿದೆ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನ ಮಾತ್ರ ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ಅದರಲ್ಲಿರುವ ಮೈಲುತುತ್ತ, ಸುಣ್ಣ ಎರಡೂ ಈ ಗಿಡಗಳಿಗೆ ವೈರಿಗಳು.

ಮೊದಲ ಸಲ ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಎಲೆಗಳನ್ನು ಮಳೆನೀರಿನಲ್ಲಿ ಹಾಕಿಟ್ಟ ಎರಡು ಗಾಜಿನ ಬಾಟಲಿಗಳಲ್ಲಿ ಒಂದು, ಮಾವಿನಮಿಡಿ ಉಪ್ಪಿನಕಾಯಿ ಇಟ್ಟಿದ್ದ ಹಳೆಯದು. ಬಿಸಿನೀರಿನಲ್ಲಿ ನಾಲ್ಕು ಸಲ ತೊಳೆದಿದ್ದರೂ ಅದರಲ್ಲಿದ್ದ ಎಲೆಗಳು ಐದನೆಯ ದಿನಕ್ಕೇ ಕಪ್ಪಾದವು. ಮುಚ್ಚಳದ ಒಳಪದರದಲ್ಲಿ ಉಪ್ಪು ಉಳಿದಿತ್ತೆಂದೇ ನನ್ನ ಅನುಮಾನ. ಪಕ್ಕದ ಹೊಸ ಬಾಟಲಿಯ ಎಲೆಗಳು ಅದೇ ನೀರು, ಅದೇ ಬೆಳಕಿನಲ್ಲಿ ಹಸಿರಾಗಿಯೇ ಇದ್ದವು.

ಆ ಹೊಸ ಬಾಟಲಿಯನ್ನು ಪೂರ್ವದ ಕಿಟಕಿಯಲ್ಲಿಟ್ಟು, ಮುಚ್ಚಳವನ್ನು ಸಡಿಲವಾಗಿ ಮುಚ್ಚಿದೆ. ಮೋಡದ ದಿನಗಳಲ್ಲಿ ಬೆಳಕು ಸಾಲದೆಂದು ಎಲ್‌ಇಡಿ ಟ್ಯೂಬನ್ನು ದಿನಕ್ಕೆ ಹನ್ನೆರಡು ಗಂಟೆ ಹಚ್ಚಿಟ್ಟೆ. ವಾರಕ್ಕೊಮ್ಮೆ ನೀರು ಬದಲಿಸದಿದ್ದರೆ ಪಾಚಿ ಕಟ್ಟುತ್ತದೆ. ಮೊದಲ ವಾರದಲ್ಲೇ ಅಂಟುಹನಿಗಳು ಕರಗಿದವು, ಎರಡನೆಯ ವಾರ ಎಲೆಗಳು ಮಾಸಲು ಬಣ್ಣಕ್ಕೆ ತಿರುಗಿದಾಗ ಆಯಿ ಬಾಟಲಿಯನ್ನು ಎತ್ತಿ ನೋಡಿ, “ತೋಟದ ಕೊಳೆ ಸಾಲ್ತಿಲ್ಯಾ ತಮಾ, ಮನೆ ಒಳಗೂ ಎಂತಕ್ಕೆ ಕೊಳೆಸ್ತೆ?” ಎಂದು ಕೇಳಿದಳು. ಅಡಿಕೆಗೆ ಕೊಳೆರೋಗ ಬಂದಿದ್ದ ವರ್ಷವಾದ್ದರಿಂದ ನನ್ನ ಬಳಿ ಉತ್ತರವಿರಲಿಲ್ಲ. ಇಪ್ಪತ್ತಮೂರನೆಯ ದಿನ, ಕಂದಿದ ತುಂಡೊಂದರ ಮೇಲೆ ಸಾಸಿವೆಗಿಂತ ಸಣ್ಣದಾದ ತಿಳಿಹಸಿರು ಚುಕ್ಕೆ ಕಂಡಿತು. ಭೂತಗನ್ನಡಿಯಲ್ಲಿ ನೋಡಿದರೆ ಅದು ಚುಕ್ಕೆಯಲ್ಲ, ನೀರಿನೊಳಗೇ ಕೂದಲು ಚಾಚಿದ, ಎರಡು ಎಲೆಗಳ ಪೂರ್ತಿ ಡ್ರೊಸೆರಾ. ಚಿಗುರು ಮೊದಲು, ಬೇರು ಆಮೇಲೆ. ಬೇರಿನ ಹಾರ್ಮೋನಿನ ಪುಡಿ ಬೇಕಾಗುವುದೇ ಇಲ್ಲ. ಎಂಟು ತುಂಡುಗಳಲ್ಲಿ ಐದು ಮರಿ ಕೊಟ್ಟವು, ಒಂದರಲ್ಲಂತೂ ನಾಲ್ಕು.

ಎಲೆ ಕಂದಿದೆಯೆಂದು ಎಸೆಯುವ ಅವಸರ ಬೇಡ. ಮೆತ್ತಗಾಗಿ ವಾಸನೆ ಬಂದರೆ ಮಾತ್ರ ತೆಗೆಯಬೇಕು.

ಬೇರು ಅರ್ಧ ಸೆಂಟಿಮೀಟರ್ ಆದಾಗ, ಪೀಟ್ (ಜೌಗು ನೆಲದಲ್ಲಿ ಅರೆಕೊಳೆತ ಹಾವಸೆಯ ಪುಡಿ) ಮತ್ತು ತೊಳೆದ ಹೊಳೆಮರಳನ್ನು ಸಮಪ್ರಮಾಣದಲ್ಲಿ ಕಲೆಸಿದ ಕುಂಡಕ್ಕೆ ಮರಿಗಳನ್ನು ಇಳಿಸಿದೆ. ಗೊಬ್ಬರ, ಕೆಮ್ಮಣ್ಣು ಏನೂ ಇಲ್ಲ. ಕುಮಟಾ, ಕಾರವಾರದ ಕಡೆಯವರು ಕಡಲ ಮರಳನ್ನು ಬಳಸಬಾರದು. ತೆಂಗಿನ ನಾರಿನ ಪುಡಿಯನ್ನೂ ಹಲವು ನೀರಿನಲ್ಲಿ ತೊಳೆಯದೆ ನಂಬಬಾರದು, ಉಪ್ಪುನೀರಿನಲ್ಲಿ ನೆನೆಸಿದ ಸಿಪ್ಪೆಯ ಪುಡಿಯಾಗಿದ್ದರೆ ಅದರಲ್ಲಿ ಉಪ್ಪು ಉಳಿದಿರುತ್ತದೆ. ನೀರಿನಲ್ಲಿ ಹುಟ್ಟಿದ ಮರಿ ಒಣಗಾಳಿಗೆ ತಕ್ಷಣ ಬಾಡುತ್ತದೆ. ಹಾಗಾಗಿ ಕುಂಡದ ಮೇಲೆ ಪ್ಲಾಸ್ಟಿಕ್ ಲೋಟ ಕವುಚಿ, ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಸರಿಸುತ್ತ ಬಂದೆ. ಕುಂಡದ ಕೆಳಗಿನ ತಟ್ಟೆಯಲ್ಲಿ ಒಂದು ಬೆರಳಷ್ಟು ಮಳೆನೀರು ಸದಾ ಇರುತ್ತದೆ.

ಸೆಪ್ಟೆಂಬರಿನಲ್ಲಿ ಮರಿಗಳ ಎಲೆಗಳಲ್ಲಿ ಮೊದಲ ಸಲ ಹನಿ ಕಟ್ಟಿತು, ಮರುದಿನವೇ ಒಂದರಲ್ಲಿ ನುಸಿ ಸಿಕ್ಕಿತ್ತು. ಆಯಿ ಈಗ ಬಾಳೆಹಣ್ಣಿನ ಸಿಪ್ಪೆಯನ್ನು ಆ ಕಿಟಕಿಯ ಬಳಿಯೇ ಇಡುತ್ತಾಳೆ.